ಓದುಗರ ಪ್ರಶ್ನೆ: ಅಪ್ಪನ ವೀಲಿಗೆ ಪ್ರೊಬೇಟ್ ಬೇಕೇ ಬೇಕಾ?

ಪ್ರಶ್ನೆ: ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಅಪ್ಪ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಅವರು ಬರೆದು ರಿಜಿಸ್ಟರ್ ಮಾಡಿದ ವೀಲುನಾಮೆ ಇದೆ. ಇಲ್ಲಿನ ಎರಡೂವರೆ ಎಕರೆ ಅಡಿಕೆ ತೋಟ ಮತ್ತು ಮನೆ ನನಗೂ ತಮ್ಮನಿಗೂ, ಕರ್ನಾಟಕದ ವಿಟ್ಲದ ಬಳಿಯ 60 ಸೆಂಟ್ಸ್ ಜಾಗ ತಂಗಿಗೆ ಅಂತ ಅದರಲ್ಲಿದೆ. ತೋಟ ಅಪ್ಪನಿಗೆ ಅಜ್ಜನ ಕಡೆಯಿಂದ ಬಂದದ್ದು, ವಿಟ್ಲದ ಜಾಗ ಅವರೇ ತೆಗೆದದ್ದು. ಬ್ಯಾಂಕಿನಲ್ಲಿ 9 ಲಕ್ಷದ ಎಫ್‌ಡಿಗೆ ಅಮ್ಮ ನಾಮಿನಿ. ಊರಿನ ಸೊಸೈಟಿಯಲ್ಲಿರುವ ಒಂದೂವರೆ ಲಕ್ಷಕ್ಕೆ ನಾಮಿನಿ ಇಲ್ಲ. ವೀಲಿನಲ್ಲಿ ಹಣದ ಮಾತೇ ಇಲ್ಲ. ಒಬ್ಬರು ವಕೀಲರು "ಪ್ರೊಬೇಟ್ ಮಾಡದೆ ಒಂದು ಕಾಗದವೂ ಅಲ್ಲಾಡುವುದಿಲ್ಲ, ಕೊನೆಗೆ ಸಿಗುವ ಆಸ್ತಿಯ ಬೆಲೆಯ ಮೇಲೆ 2 ಪರ್ಸೆಂಟ್ ಕೊಡಿ" ಎಂದರು. ತಂಗಿ ಬೇರೆ ಮುನಿಸಿಕೊಂಡಿದ್ದಾಳೆ. ಏನು ಮಾಡುವುದು?

ಉತ್ತರ: ಮೊದಲು ಆ ಪ್ರೊಬೇಟ್ ವಿಷಯ ಮುಗಿಸೋಣ. ವೀಲು ನಿಜವಾದದ್ದು, ಸರಿಯಾಗಿ ಬರೆದದ್ದು ಅಂತ ಕೋರ್ಟು ಹಾಕುವ ಮುದ್ರೆಯೇ ಪ್ರೊಬೇಟ್. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಹಿಂದೂಗಳ ವೀಲಿಗೆ ಇದು ಕಡ್ಡಾಯವಾಗಿದ್ದದ್ದು ಮುಖ್ಯವಾಗಿ ಕೋಲ್ಕತ್ತ, ಮುಂಬೈ, ಚೆನ್ನೈ ನಗರಗಳಿಗೆ. ಅಲ್ಲಿ ಬರೆದ ವೀಲು, ಅಥವಾ ಅಲ್ಲಿರುವ ಮನೆ ಜಾಗಕ್ಕೆ ಸಂಬಂಧಿಸಿದ ವೀಲು ಆಗಿದ್ದರೆ ಬೇಕಿತ್ತು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಡಿ ಇತ್ತು, ನಿಜ. ಆದರೆ ಆ ನಿಯಮ ಮದ್ರಾಸ್ ಪಟ್ಟಣದ್ದು, ನಮ್ಮ ಕಡೆಗೆ ಬಂದದ್ದಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಈಗ ಆ ಮೂರು ಪಟ್ಟಣದವರಿಗೂ ಕಡ್ಡಾಯವಿಲ್ಲ. ಹಾಗಾಗಿ "ಪ್ರೊಬೇಟ್ ಇಲ್ಲದೆ ಆಗುವುದೇ ಇಲ್ಲ" ಎಂಬ ಮಾತು ತಪ್ಪು.

ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ವೀಲನ್ನು ಜಾರಿ ಮಾಡಲು ಅಪ್ಪ ಯಾರನ್ನಾದರೂ ಹೆಸರಿಸಿದ್ದಾರಾ ನೋಡಿ. ಎಕ್ಸಿಕ್ಯೂಟರ್ ಅಂತಾರಲ್ಲ, ಅವರು. ಪ್ರೊಬೇಟ್ ಕೊಡುವುದು ಆ ವ್ಯಕ್ತಿಗೆ ಮಾತ್ರ. ಹೆಸರೇ ಇಲ್ಲದಿದ್ದರೆ ಕೇಳಬೇಕಾದದ್ದು ವೀಲು ಸಹಿತದ ಆಡಳಿತ ಪತ್ರ, ಅಂದರೆ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ನಿಮ್ಮ ವಕೀಲರು ವೀಲನ್ನು ಓದಿದ ಮೇಲೆ ಆ ಮಾತು ಹೇಳಿದರಾ, ಓದದೆಯಾ? ನನಗಂತೂ ಅನುಮಾನ.

ಹಣದಿಂದ ಶುರು ಮಾಡಿ. ಅದು ಸುಲಭ. ಎಫ್‌ಡಿಗೆ ನಾಮಿನಿ ಇರುವುದರಿಂದ ಅಪ್ಪನ ಮರಣ ಪ್ರಮಾಣಪತ್ರ, ತನ್ನ ಗುರುತಿನ ಕಾಗದ ಮತ್ತು ಬ್ಯಾಂಕಿನ ಫಾರ್ಮನ್ನು ಅಮ್ಮ ಕೊಟ್ಟರೆ ಸಾಕು. ಎಲ್ಲ ಕಾಗದ ಕೈಸೇರಿದ 15 ದಿನದೊಳಗೆ ಬ್ಯಾಂಕು ಇತ್ಯರ್ಥ ಮಾಡಬೇಕು ಅಂತ ರಿಸರ್ವ್ ಬ್ಯಾಂಕಿನ 2025ರ ನಿಯಮವಿದೆ. ಆದರೆ ನಾಮಿನಿ ಅಂದರೆ ಒಡೆಯ ಅಲ್ಲ. ಹಣ ತೆಗೆದುಕೊಳ್ಳುವ ಕೈ ಮಾತ್ರ. ವೀಲಿನಲ್ಲಿ ಹಣದ ಮಾತಿಲ್ಲದ ಕಾರಣ ಅದು ವೀಲಿಲ್ಲದವರ ಆಸ್ತಿಯ ಹಾಗೆಯೇ ಹಂಚಿಕೆಯಾಗುತ್ತದೆ. ನಿಮ್ಮ ಅಜ್ಜಿ, ಅಂದರೆ ಅಪ್ಪನ ಅಮ್ಮ, ಈಗ ಇಲ್ಲ ಎಂದಾದರೆ ಅಮ್ಮ, ನೀವು, ತಮ್ಮ, ತಂಗಿ, ನಾಲ್ವರಿಗೂ ಸಮಪಾಲು. ಅಜ್ಜಿ ಇದ್ದರೆ ಅವರದ್ದೂ ಒಂದು ಪಾಲು. ಇದನ್ನು ಎಷ್ಟೋ ಮನೆಗಳಲ್ಲಿ ಮರೆತುಬಿಡುತ್ತಾರೆ.

ಸೊಸೈಟಿಯ ಹಣಕ್ಕೆ ಸ್ವಲ್ಪ ಓಡಾಟ ಇದೆ. ಊರಿನ ಸೇವಾ ಸಹಕಾರಿ ಬ್ಯಾಂಕು ಕೇರಳದ ಸಹಕಾರಿ ಕಾಯ್ದೆಯಡಿ ನಡೆಯುವುದು, ರಿಸರ್ವ್ ಬ್ಯಾಂಕಿನ ಆ ನಿಯಮ ಅದಕ್ಕೆ ಇಲ್ಲ. ನಾಮಿನಿ ಇಲ್ಲದ ಕಾರಣ ಅವರು ವಾರಸುದಾರರ ಸರ್ಟಿಫಿಕೇಟು ಕೇಳಬಹುದು. ಅದನ್ನು ಕೊಡುವವರು ತಹಶೀಲ್ದಾರರು. ವಿಲ್ಲೇಜ್ ಆಫೀಸಿನವರು ವಿಚಾರಿಸಿ ವರದಿ ಕೊಡುತ್ತಾರೆ, ಹೆಸರುಗಳು ಕೇರಳ ಗೆಜೆಟ್‌ನಲ್ಲಿ ಬರುತ್ತವೆ, ಆಕ್ಷೇಪಕ್ಕೆ 30 ದಿನ ಬಿಡುತ್ತಾರೆ. ಇದಕ್ಕೆ ವಕೀಲರು ಬೇಕಾಗಿಲ್ಲ. ಬೇಕಾದದ್ದು ತಾಳ್ಮೆ. ನಮ್ಮ ಕಡೆಯ ದೊಡ್ಡ ತಲೆನೋವು ಹೆಸರು. ಕನ್ನಡದಲ್ಲಿ ಬರೆದ ಹೆಸರು ಮಲಯಾಳಕ್ಕೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಆಧಾರ್ ಕಾರ್ಡಿನಲ್ಲಿ ಇನ್ನೇನೋ ಆಗಿರುತ್ತದೆ. ಅಪ್ಪನ ಹೆಸರು ಮೂರು ಕಾಗದದಲ್ಲಿ ಮೂರು ತರ ಇದ್ದರೆ, ಎಲ್ಲವೂ ಒಬ್ಬರದೇ ಹೆಸರು ಅಂತ ವಿಲ್ಲೇಜ್ ಆಫೀಸರರಿಂದ ಮೊದಲೇ ಒಂದು ಸರ್ಟಿಫಿಕೇಟು ತೆಗೆದುಕೊಳ್ಳಿ. ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು, ಅದು ಇಲ್ಲಿನ ಭಾಷಾ ಅಲ್ಪಸಂಖ್ಯಾತರ ಹಕ್ಕು.

ಈಗ ತೋಟ. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ತಂಗಿಯ ಮುನಿಸು ಬರೀ ಮುನಿಸಲ್ಲದೆ ಇರಬಹುದು. ಅಪ್ಪ ವೀಲು ಬರೆಯಬಹುದಾದದ್ದು ತಮ್ಮದಕ್ಕೆ ಮಾತ್ರ. ಅಜ್ಜನ ಕಡೆಯಿಂದ ಬಂದದ್ದು ಅಂದಿರಿ. ಹೇಗೆ ಬಂತು? ಅಜ್ಜ ಸ್ವಂತ ದುಡಿಮೆಯಿಂದ ತೆಗೆದ ಜಾಗ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಅವರು ವೀಲು ಬರೆಯದೆ ತೀರಿಕೊಂಡು ಅಪ್ಪನಿಗೆ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿಯೇ. ಅಜ್ಜನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಅಂತ ಊರಲ್ಲಿ ಹೇಳುವುದು ಸರಿಯಲ್ಲ. ಆದರೆ ಕೂಡುಕುಟುಂಬದ ಆಸ್ತಿಯನ್ನು ಅಣ್ಣತಮ್ಮಂದಿರು ಪಾಲುಪಟ್ಟಿ ಮಾಡಿಕೊಂಡಾಗ ಅಪ್ಪನ ಪಾಲಿಗೆ ಬಂದ ತೋಟವಾದರೆ ಕತೆ ಬೇರೆ, ಅದರಲ್ಲಿ ಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಇರಬಹುದು.

ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯನ್ನೇ 1975ರ ಒಂದು ಕಾಯ್ದೆ ರದ್ದು ಮಾಡಿತ್ತು, 1976ರ ಡಿಸೆಂಬರ್ 1ರಿಂದ ಜಾರಿ. ಅದನ್ನು ಹಿಡಿದುಕೊಂಡು "ಇಲ್ಲಿ ಹುಟ್ಟಿನಿಂದ ಬರುವ ಹಕ್ಕೇ ಇಲ್ಲ, ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ 2005ರ ತಿದ್ದುಪಡಿಯೂ ಇಲ್ಲ" ಅಂತ ಬಹಳ ವರ್ಷ ವಾದ ನಡೆಯಿತು. 2025ರ ಜುಲೈಯಲ್ಲಿ ಕೇರಳ ಹೈಕೋರ್ಟು ಆ ಕಾಯ್ದೆಯ ಮುಖ್ಯ ಕಲಮುಗಳು 2005ರ ಕೇಂದ್ರದ ತಿದ್ದುಪಡಿಗೆ ವಿರುದ್ಧ, ಹಾಗಾಗಿ ನಿಲ್ಲುವುದಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ರ ನಂತರ ತೀರಿಕೊಂಡ ಹಿಂದೂವಿನ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು. ಆ ದಿನಕ್ಕಿಂತ ಮೊದಲೇ ರಿಜಿಸ್ಟರ್ ಆದ ಪಾಲುಪಟ್ಟಿಗಳನ್ನು ಮಾತ್ರ ಕೆದಕುವಂತಿಲ್ಲ. ನಿಮ್ಮ ತಂಗಿಗೆ ಯಾರೋ ಇದನ್ನು ಹೇಳಿರಬಹುದು. ಹೇಳಿದ್ದರೆ ತಪ್ಪೇನಿಲ್ಲ. ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಅಳಿಯಸಂತಾನದ ಮನೆತನ ನಿಮ್ಮದಾದರೆ ಲೆಕ್ಕ ಇನ್ನೂ ಬೇರೆ, ಅದನ್ನು ಪ್ರತ್ಯೇಕವಾಗಿ ಕೇಳಿ.

ಹಾಗಾಗಿ ವಕೀಲರಿಗೆ ಮೊದಲು ಕೊಡಬೇಕಾದ ಕೆಲಸ ಮೂಲ ಆಧಾರಗಳನ್ನು, ಅಂದರೆ ಜಾಗದ ಹಳೆ ಪತ್ರಗಳನ್ನು, ಓದುವುದು. ಅದೊಂದು ಕೆಲಸಕ್ಕೆ ಮಾತ್ರ ಫೀಸು ಮಾತಾಡಿ. ಕಾಸರಗೋಡಿನ ಹಳೆ ಕಾಗದ ಕನ್ನಡದಲ್ಲಿರುತ್ತದೆ, ಆಮೇಲಿನದು ಮಲಯಾಳದಲ್ಲಿ. ಎರಡನ್ನೂ ಸಲೀಸಾಗಿ ಓದುವವರು ಬೇಕು. ಹೋಗುವಾಗ ವೀಲಿನ ಪ್ರತಿ, ಆಧಾರಗಳು, ಋಣಭಾರದ ಸರ್ಟಿಫಿಕೇಟು, ಭೂ ತೆರಿಗೆಯ ರಶೀದಿ, ವಿಟ್ಲದ ಜಾಗದ ಪಹಣಿ ಇಷ್ಟೂ ಇರಲಿ. ಎಲ್ಲ ಜೆರಾಕ್ಸ್ ಮಾತ್ರ. ಮೂಲ ಪ್ರತಿ ಕೊಡಲೇಬೇಕಾಗಿ ಬಂದರೆ ರಶೀದಿ ಇಲ್ಲದೆ ಕೊಡಬೇಡಿ.

2 ಪರ್ಸೆಂಟಿನ ಮಾತು. ಕೇಸಿನ ಫಲದ ಮೇಲೆ ಫೀಸು ನಿಗದಿ ಮಾಡುವುದಾಗಲಿ, ಸಿಕ್ಕಿದ್ದರಲ್ಲಿ ಪಾಲು ಕೇಳುವುದಾಗಲಿ ವಕೀಲರಿಗೆ ನಿಷಿದ್ಧ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮದಲ್ಲೇ ಇದೆ. ಯಾವ ಹಂತಕ್ಕೆ ಎಷ್ಟು, ಕೋರ್ಟ್ ಫೀಸು ಮತ್ತು ಟೈಪಿಂಗ್ ಖರ್ಚು ಬೇರೆಯಾ, ಕೋರ್ಟಿಗೆ ಬರುವವರು ಅವರೇನಾ ಜೂನಿಯರಾ, ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕೇಳಿದ್ದಕ್ಕೆ ಸಿಟ್ಟು ಮಾಡುವವರ ಹತ್ತಿರ ಹೋಗಬೇಡಿ. ಖಾಲಿ ಹಾಳೆಗೆ ಸಹಿ ಹಾಕುವ ಅಭ್ಯಾಸ ನಮ್ಮ ಹಿರಿಯರಿಗೆ ಇತ್ತು, ನಿಮಗೆ ಬೇಡ. ನಿಮಗೂ ತಂಗಿಗೂ ಒಬ್ಬರೇ ವಕೀಲರು ಅನ್ನುವುದೂ ಬೇಡ.

ತೋಟ ಅಪ್ಪನ ಸ್ವಂತದ್ದೇ ಅಂತಾದರೆ ವಿಲ್ಲೇಜ್ ಆಫೀಸಿನಲ್ಲಿ ವೀಲು ತೋರಿಸಿ ಪೋಕುವರವು, ಅಂದರೆ ದಾಖಲೆಯಲ್ಲಿ ಹೆಸರು ಬದಲಾವಣೆ, ಕೇಳಿ. ಅಲ್ಲಿ ವೀಲಿಗೆ ಒಸ್ಯತ್ ಅನ್ನುತ್ತಾರೆ, ಗಾಬರಿಯಾಗಬೇಡಿ. ತಂಗಿ ಆಕ್ಷೇಪ ಹಾಕಿದರೆ ಅವರು ಕೋರ್ಟಿಗೆ ಹೋಗಿ ಅಂತಾರೆ. ಪೋಕುವರವು ತೆರಿಗೆ ಕಟ್ಟಲು ಹೆಸರು ಬದಲಾಯಿಸುವುದಷ್ಟೇ, ಅದರಿಂದ ಹಕ್ಕು ಹುಟ್ಟುವುದಿಲ್ಲ. ಕೋರ್ಟಿಗೆ ಹೋದರೆ ರಿಜಿಸ್ಟರ್ ಆದ ವೀಲೂ ತಾನಾಗಿ ನಿಲ್ಲದು. ಸಹಿ ಹಾಕಿದ ಇಬ್ಬರು ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಆ ಇಬ್ಬರು ಯಾರು, ಎಲ್ಲಿದ್ದಾರೆ, ಆರೋಗ್ಯ ಹೇಗಿದೆ, ಇವತ್ತೇ ವಿಚಾರಿಸಿ. ಜೊತೆಗೆ, ಇದರ ನಂತರ ಅಪ್ಪ ಮತ್ತೊಂದು ವೀಲು ಬರೆದಿದ್ದಾರಾ ಎಂದೂ ನೋಡಿ. ಕೊನೆಯದ್ದೇ ಲೆಕ್ಕ, ರಿಜಿಸ್ಟರ್ ಆಗದಿದ್ದರೂ. ಬರೆದವರು ತೀರಿಕೊಂಡ ಮೇಲೆ ರಿಜಿಸ್ಟರ್ ಆದ ವೀಲಿನ ಪ್ರತಿಯನ್ನು ಯಾರು ಬೇಕಾದರೂ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಬಹುದು.

ಇನ್ನು ವಿಟ್ಲ. ಇದು ಗಡಿನಾಡಿನವರಿಗೇ ಇರುವ ಪೇಚು. ಜಗಳ ದೊಡ್ಡದಾಗಿ, ಪ್ರೊಬೇಟನ್ನೇ ತೆಗೆಯೋಣ ಅಂತ ನೀವು ತೀರ್ಮಾನಿಸಿದಿರಿ ಅನ್ನಿ. ಕಾಸರಗೋಡಿನ ಜಿಲ್ಲಾ ಕೋರ್ಟು ಕೊಡುವ ಪ್ರೊಬೇಟ್ ಕೇರಳದೊಳಗೆ ಮಾತ್ರ ನಡೆಯುತ್ತದೆ. ಸಾರಡ್ಕದ ಗಡಿ ದಾಟಿದರೆ ಅದಕ್ಕೆ ಬಲ ಇಲ್ಲ. ಹೊರರಾಜ್ಯದ ಆಸ್ತಿ 10,000 ರೂಪಾಯಿ ಮೀರದಿದ್ದರೆ ಮಾತ್ರ ವಿನಾಯಿತಿ. ಆ ಮೊತ್ತಕ್ಕೆ ಈಗ ವಿಟ್ಲದಲ್ಲಿ ಒಂದು ಅಡಿಕೆ ಮರ ನಿಲ್ಲುವಷ್ಟು ಜಾಗವೂ ಸಿಗದು. ಹೈಕೋರ್ಟು ಕೊಟ್ಟ ಪ್ರೊಬೇಟ್ ಮಾತ್ರ ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಅರ್ಜಿಯನ್ನು ನೇರವಾಗಿ ಎರ್ನಾಕುಳದ ಹೈಕೋರ್ಟಿನಲ್ಲೂ ಹಾಕಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ. ಆದರೆ ಪ್ರಯಾಣ, ಖರ್ಚು ನೋಡಿಕೊಳ್ಳಿ.

ನನ್ನ ಅಭಿಪ್ರಾಯ ಕೇಳಿದರೆ ನಿಮಗೆ ಇದರ ಅಗತ್ಯವೇ ಬರಲಿಕ್ಕಿಲ್ಲ. ವಿಟ್ಲದ ಜಾಗ ತಂಗಿಗೆ ಹೋಗುವುದು, ಅಪ್ಪನೇ ತೆಗೆದದ್ದು, ಅದರಲ್ಲಿ ಯಾರಿಗೂ ತಕರಾರಿಲ್ಲ. ಆಕೆ ಅಲ್ಲಿ ವೀಲಿನ ಮೇಲೆ ಖಾತೆ ಬದಲಾವಣೆಗೆ ಅರ್ಜಿ ಕೊಡಲಿ, ಬೇಕಾದರೆ ಬಂಟ್ವಾಳದ ಒಬ್ಬರು ವಕೀಲರ ಸಹಾಯ ತೆಗೆದುಕೊಳ್ಳಲಿ. ತೋಟದಲ್ಲಿ ಪಾಲಿದೆ ಅಂತ ಕಾಗದ ಹೇಳಿದರೆ, ಪಾಲು ಕೊಟ್ಟೋ ಅದರ ಬೆಲೆ ಕೊಟ್ಟೋ ರಿಜಿಸ್ಟರ್ ಪತ್ರ ಮಾಡಿಕೊಳ್ಳಿ. ಬಾಯಿಮಾತಿನ ಒಪ್ಪಂದ ಮುಂದಿನ ತಲೆಮಾರಿಗೆ ಕೇಸಾಗುತ್ತದೆ. ಮಾತು ಕೂಡಿ ಬರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೂತು ಮಾತಾಡಬಹುದು. ಅಮ್ಮನಿಗೂ ತಂಗಿಗೂ ಅಲ್ಲಿ ವಕೀಲರು ಉಚಿತ. ಹೆಂಗಸರಿಗೆ ಆದಾಯದ ಮಿತಿ ನೋಡುವುದಿಲ್ಲ.

ಪ್ರಶ್ನೆ: ನಮ್ಮ ಪಾಲಿನ ಕೇಸು ಎಂಟು ವರ್ಷದಿಂದ ನಡೆಯುತ್ತಿದೆ. ವಕೀಲರನ್ನು ಬದಲಾಯಿಸಬೇಕು ಅಂದರೆ "ಬಾಕಿ ಫೀಸು ಕೊಡದೆ ಫೈಲು ಕೊಡಲ್ಲ" ಅಂತಾರೆ. ಮುಂದೇನು? ಕುಂಬಳೆಯಿಂದ ಒಬ್ಬ ಓದುಗರು.

ಉತ್ತರ: ಫೈಲು ನಿಮ್ಮದು. ಫೀಸಿಗಾಗಿ ಕಕ್ಷಿದಾರರ ಕಾಗದಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಬಾಕಿ ಇದ್ದರೆ ಅವರು ಬೇರೆ ದಾರಿಯಲ್ಲಿ ವಸೂಲು ಮಾಡಲಿ. ಆದರೆ ಬಾಕಿ ನಿಜವಾಗಿ ಇದ್ದರೆ ಕೊಟ್ಟುಬಿಡಿ ಮಾರಾಯ್ರೆ, ಎಂಟು ವರ್ಷ ನಿಮಗಾಗಿ ನಿಂತವರು. ಜಗಳ ಮಾಡದೆ ಮೊದಲು ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ ಕಳಿಸಿ. ಉತ್ತರ ಬರದಿದ್ದರೆ ರಾಜ್ಯದ ಬಾರ್ ಕೌನ್ಸಿಲಿಗೆ ದೂರು ಕೊಡಬಹುದು. ಕೋರ್ಟಿನಲ್ಲಿರುವ ಕಾಗದಗಳ ನಕಲನ್ನು ಹೊಸ ವಕೀಲರು ಅರ್ಜಿ ಹಾಕಿ ಪಡೆಯುತ್ತಾರೆ, ಅಷ್ಟರಲ್ಲಿ ಕೇಸು ನಿಲ್ಲುವುದಿಲ್ಲ.

ಪ್ರಶ್ನೆ: ಅಪ್ಪ ಹುಷಾರಿಲ್ಲದಾಗ ನನಗೆ ಮುಕ್ತ್ಯಾರು (ಪವರ್ ಆಫ್ ಅಟಾರ್ನಿ) ಕೊಟ್ಟಿದ್ದರು. ಅವರು ಹೋಗಿ ಎರಡು ತಿಂಗಳಾಯಿತು. ಅದನ್ನು ತೋರಿಸಿ ಜಾಗ ಮಾರಬಹುದಾ? ಉಪ್ಪಳದ ಓದುಗರು.

ಉತ್ತರ: ಇಲ್ಲ. ಮುಕ್ತ್ಯಾರು ಕೊಟ್ಟವರ ಉಸಿರು ನಿಂತಾಗಲೇ ಅದೂ ನಿಂತಿತು. ಆಮೇಲೆ ಅದರಲ್ಲಿ ಮಾಡಿದ ಮಾರಾಟ ನಿಲ್ಲುವುದಿಲ್ಲ, ಕೊಂಡವರೂ ಸಿಕ್ಕಿಬೀಳುತ್ತಾರೆ. ಅಪ್ಪನ ಎಟಿಎಂ ಕಾರ್ಡಿನಿಂದ ಹಣ ತೆಗೆಯುತ್ತಿದ್ದರೆ ಅದನ್ನೂ ಇವತ್ತಿಗೇ ನಿಲ್ಲಿಸಿ. ಈವರೆಗೆ ತೆಗೆದದ್ದರ ಲೆಕ್ಕ ಬರೆದಿಟ್ಟು ಅಣ್ಣತಮ್ಮ, ಅಕ್ಕತಂಗಿಯರಿಗೆ ನೀವಾಗಿಯೇ ತೋರಿಸಿ.