ಮೈನಸ್ 95 ಅಂದ್ರೆ ಕೊಬ್ಬೇ ಸ್ವಾಮಿ!

ದಾವಣಗೆರೆಯ ಓದುಗರೊಬ್ಬರ ಪತ್ರ: "ಅಮ್ಮನಿಗೆ 62 ವರ್ಷ. ಹೊಟ್ಟೆಯುಬ್ಬರ ಅಂತ ಎಂಡೋಸ್ಕೋಪಿ ಮಾಡಿಸಿದ್ವಿ, ಜಠರದ ಕೆಳಭಾಗದಲ್ಲಿ 2 ಸೆಂ.ಮೀ. ಉಬ್ಬು ಕಾಣ್ತು. ಬಯಾಪ್ಸಿಲಿ ನಾರ್ಮಲ್. ಆಮೇಲೆ ಸಿಟಿ ಸ್ಕ್ಯಾನ್ ಮಾಡ್ಸಿ, ಕೊಬ್ಬಿನ ಗಡ್ಡೆ, ಬಿಟ್ಬಿಡಿ ಅಂದ್ರು. ತುಂಡು ತೆಗೆದ್ರೂ ಸಿಗದೇ ಇದ್ದಿದ್ದು ಬರೀ ಫೋಟೋದಲ್ಲಿ ಹೇಗೆ ಗೊತ್ತಾಗತ್ತೆ? ನೆಂಟರೆಲ್ಲ ಆಪರೇಷನ್ ಮಾಡಿಸಿ ಅಂತಿದಾರೆ."

ಉತ್ತರ: ನಿಮ್ಮ ಅನುಮಾನ ತಪ್ಪಲ್ಲ, ಗಡ್ಡೆ ಅಂದ್ಮೇಲೆ ಬಯಾಪ್ಸಿನೇ ಕೊನೇ ಮಾತು ಅನ್ನೋದು ಬಹಳ ಕಡೆ ಸರಿ. ಇಲ್ಲಿ ಮಾತ್ರ ಅದು ಕೈಕೊಡತ್ತೆ. ಲೈಪೋಮಾ, ಅಂದ್ರೆ ಈ ಕೊಬ್ಬಿನ ಗಡ್ಡೆ, ಕೂತಿರೋದು ಜಠರದ ಒಳಪದರದ ಕೆಳಗೆ, ಎಂಡೋಸ್ಕೋಪಿ ಚಿಮಟ ಕಚ್ಚೋದು ಮೇಲಿನ ಪದರವನ್ನ, ಹಾಗಾಗಿ ಹಲಸಿನ ಸಿಪ್ಪೆ ಕೆರೆದು ತೊಳೆ ಸಿಹಿನಾ ಅಂತ ಕೇಳಿದ ಹಾಗಾಯ್ತು. ಅದೇ ಚಿಮಟದಲ್ಲಿ ಗಡ್ಡೆಯನ್ನ ಮೆತ್ತಗೆ ಒತ್ತಿದ್ರೆ ಹತ್ತಿ ದಿಂಬಿನ ಹಾಗೆ ಗುಳಿ ಬಿದ್ದು ಮತ್ತೆ ಏಳತ್ತೆ, ಡಾಕ್ಟ್ರು ಅದನ್ನೂ ನೋಡಿರ್ತಾರೆ.

ಇನ್ನು ನೀವು 'ಬರೀ ಫೋಟೋ' ಅಂದ್ರಲ್ಲ, ಅದಕ್ಕೇ ನಂಗೆ ಸ್ವಲ್ಪ ಸಿಟ್ಟು ಬಂತು. ಸಿಟಿ ಫೋಟೋ ತೆಗೆಯಲ್ಲ ಸ್ವಾಮಿ, ಎಕ್ಸ್-ರೇ ಹಾಯಿಸಿ ಒಳಗಿರೋದು ಎಷ್ಟು ಸಾಂದ್ರ ಅಂತ ಅಳೀತದೆ. ಇಂಗ್ಲೆಂಡಿನ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅನ್ನೋ ಎಂಜಿನಿಯರು ಈ ಯಂತ್ರ ಮಾಡಿ 1971ರಲ್ಲಿ ಮೊದಲ ರೋಗಿಯ ತಲೆ ಸ್ಕ್ಯಾನ್ ಆಯ್ತು, 1979ರಲ್ಲಿ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಜೊತೆ ನೊಬೆಲ್ಲೂ ಬಂತು. ಅಳತೆಗೂ ಹೌನ್ಸ್‌ಫೀಲ್ಡ್ ಅವರದೇ ಹೆಸರು: ನೀರು 0, ಗಾಳಿ ಮೈನಸ್ 1000, ಮೂಳೆ ಪ್ಲಸ್ಸಲ್ಲಿ ಎಷ್ಟೋ ನೂರು. ಕೊಬ್ಬು ಸುಮಾರು ಮೈನಸ್ 70ರಿಂದ ಮೈನಸ್ 120. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ತೇಲತ್ತಲ್ಲ, ಅದನ್ನೇ ಯಂತ್ರ ಲೆಕ್ಕದಲ್ಲಿ ಹೇಳ್ತಿದೆ. ಜಠರದಲ್ಲಿ ಹೆದರಬೇಕಾದ ಗಡ್ಡೆಗಳು ಸಾಮಾನ್ಯವಾಗಿ ಮಾಂಸದ ಥರ, ಅಂಕಿ ಸೊನ್ನೆಗಿಂತ ಮೇಲೆ.

ನೀವು ಕಳಿಸಿದ ರಿಪೋರ್ಟಿನ ನಾಲ್ಕನೇ ಸಾಲಲ್ಲಿ ಮೈನಸ್ 95 ಅಂತ ಇದೆ, ಒಳಗೆಲ್ಲ ಒಂದೇ ಸಮ, ಅಂಚು ನಯ ಅಂತಲೂ ಇದೆ. ನೀವು ಕೊನೇ ಸಾಲು ಮಾತ್ರ ಓದಿದ್ರಿ ಅನ್ಸತ್ತೆ!

ನಿಮ್ಮನ್ನೊಬ್ಬರನ್ನೇ ಬೈದೇನು ಪ್ರಯೋಜನ, ನಮ್ಮನೇಲೂ ಇದೇ ಕತೆ. ನಮ್ಮ ಭಾವನವರ ಸ್ಕ್ಯಾನ್ ಕವರ್ ಎರಡು ವರ್ಷ ಗಾಡ್ರೇಜ್ ಮೇಲೆ ಧೂಳು ತಿಂತು, ಮೊಮ್ಮಕ್ಕಳು ಅದರ ಫಿಲ್ಮಲ್ಲಿ ಗ್ರಹಣ ನೋಡೋಕೆ ಹೊರಟಿದ್ರು (ನೋಡಬೇಡಿ, ಕಣ್ಣು ಹೋಗತ್ತೆ). ಸಾವಿರಾರು ರೂಪಾಯಿ ಕೊಟ್ಟು ಅಳೆಸ್ತೀವಿ, ಅಳತೆ ಎಷ್ಟು ಅಂತ ಕೇಳಲ್ಲ. ತರಕಾರಿಯವನ ತಕ್ಕಡಿ ಮುಳ್ಳಾದ್ರೆ ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀವಿ. ರಿಪೋರ್ಟ್ ಬರೆಯೋರೂ ಅಷ್ಟೇ, ಇಂಗ್ಲಿಷಲ್ಲಿ ಎರಡು ಪುಟ ತುಂಬಿಸ್ತಾರೆ, ಕನ್ನಡದಲ್ಲಿ 'ಇದು ಕೊಬ್ಬು, ಕ್ಯಾನ್ಸರ್ ಅಲ್ಲ' ಅಂತ ಒಂದು ಸಾಲು ಬರೆದ್ರೆ ಗಂಟೇನು ಹೋಗತ್ತೆ? ಆ ಒಂದು ಸಾಲು ಇಲ್ಲದೇ ಇರೋದಕ್ಕೇ ನೆಂಟರು ಡಾಕ್ಟ್ರಾಗೋದು.

ಹಾಗಂತ ಮರೆತುಬಿಡಿ ಅಂತಲ್ಲ. ಈ ಗಡ್ಡೆ ದೊಡ್ಡದಾದ್ರೆ ಮೇಲೆ ಹುಣ್ಣಾಗಿ ರಕ್ತ ಸೋರಬಹುದು, ಜಠರದ ಬಾಗಿಲಿಗೆ ಅಡ್ಡ ಬಂದು ಊಟ ವಾಂತಿ ಆಗಬಹುದು, ಆಗ ತೆಗೀತಾರೆ. ಅಮ್ಮನಿಗೆ ಮಲ ಕಪ್ಪಗೆ ಟಾರಿನ ಥರ ಹೋದ್ರೆ, ಸುಸ್ತಾಗಿ ಹಿಮೋಗ್ಲೋಬಿನ್ ಇಳಿದ್ರೆ ಅವತ್ತೇ ಡಾಕ್ಟ್ರ ಹತ್ರ ಹೋಗಿ. ಹೊಟ್ಟೆಯುಬ್ಬರಕ್ಕೆ 2 ಸೆಂ.ಮೀ. ಗಡ್ಡೆ ಕಾರಣ ಅನ್ನೋದು ನಂಗಂತೂ ಅನುಮಾನ. ರಾತ್ರಿ ಹತ್ತಕ್ಕೆ ಅವರೇಕಾಳು ಸಾರು ಉಣ್ಣೋ ಅಭ್ಯಾಸ ಇದೆಯಾ, ಅದನ್ನ ಒಂದ್ಸಲ ವಿಚಾರಿಸಿ.