ಹಸುಳೆಯ ಹೆಸರಿನಲ್ಲಿ ಆಳಿದವರು

ಪ್ರಶ್ನೆ: ಹಳೇಬೀಡಿನಲ್ಲಿ ಶಾಲೆಯ ಮಕ್ಕಳಿಗೆ ಗರುಡಗಂಬವನ್ನು ತೋರಿಸಿ, ಇಮ್ಮಡಿ ವೀರಬಲ್ಲಾಳನ ಸಾವಿನೊಡನೆ ತಾನೂ ಪ್ರಾಣ ಬಿಟ್ಟ ಕುವರಲಕ್ಷ್ಮನ ಕಥೆ ಹೇಳುತ್ತಿದ್ದಾಗ, ಜಪಾನಿನ ಸಮುರಾಯಿಗಳೂ ಹೀಗೆಯೇ ಅಲ್ಲವೇ ಎಂದು ಹುಡುಗನೊಬ್ಬ ಕೇಳಿದ. ಆದರೆ ಅದೇ ಕಾಲದ ಅಲ್ಲಿನ ಸೇನಾ ಆಡಳಿತದ ಮುಖ್ಯಸ್ಥರು, ಅಂದರೆ ಶೋಗನ್‌ಗಳು ಕೈಗೊಂಬೆಗಳಾಗಿದ್ದರೆಂದು ಓದಿದ್ದೇನೆ. ಅವರನ್ನು ಆಡಿಸುವಷ್ಟು ಬಲವಿದ್ದ ಹೋಜೋ ಮನೆತನದವರು ತಾವೇ ಏಕೆ ಶೋಗನ್ ಆಗಲಿಲ್ಲ?
– ಶಿಕ್ಷಕಿ, ಹಾಸನ

ಉತ್ತರ: ಬಲ್ಲಾಳ ತೀರಿಕೊಂಡದ್ದು 1220ರಲ್ಲಿ. ಅದರ ಹಿಂದಿನ ವರ್ಷವೇ, ಶೋಗನ್ ಆಡಳಿತದ ನೆಲೆಯಾಗಿದ್ದ ಕಾಮಾಕುರದ ಹಾಚಿಮನ್ ದೇಗುಲದ ಮೆಟ್ಟಿಲ ಬಳಿ, ಹಿಮ ಬಿದ್ದಿದ್ದ ರಾತ್ರಿ, ಮೂರನೆಯ ಶೋಗನ್ ಸನೆಟೊಮೊ ಸ್ವಂತ ಅಣ್ಣನ ಮಗನ ಕತ್ತಿಗೆ ಬಲಿಯಾದ. 1192ರಲ್ಲಿ ಶೋಗನ್ ಪದವಿ ಪಡೆದ ಯೊರಿಟೊಮೊನ ನೇರ ಪೀಳಿಗೆಯ ಆಳ್ವಿಕೆ ಅಲ್ಲಿಗೆ ಮುಗಿಯಿತು. ಯೊರಿಟೊಮೊನ ವಿಧವೆ ಹೋಜೋ ಮಸಾಕೊ ಮತ್ತು ಆಕೆಯ ತಮ್ಮ ಯೊಶಿಟೊಕಿ ಆಗ ಚಕ್ರವರ್ತಿಯ ರಾಜಧಾನಿ ಕ್ಯೋಟೋದ ಕುಜೋ ಎಂಬ ಉನ್ನತ ಮನೆತನದಿಂದ ಇನ್ನೂ ಎರಡು ವರ್ಷ ತುಂಬದ ಹಸುಳೆಯೊಂದನ್ನು ಕರೆತಂದರು. ಆ ಮಗು, ಅಂದರೆ ಯೊರಿಟ್ಸುನೆ, 1226ರಲ್ಲಿ ಶೋಗನ್ ಆಯಿತು.

ಹೋಜೋಗಳು ಇಜು ಪ್ರಾಂತ್ಯದ ಸಣ್ಣ ಸ್ಥಳೀಯ ಮನೆತನದವರು. ಅವರಿಗಿಂತ ದೊಡ್ಡ ಜಮೀನು, ದೊಡ್ಡ ಹೆಸರು ಇದ್ದ ಯೋಧರು ಕಾಮಾಕುರದಲ್ಲಿ ಹಲವರಿದ್ದರು. ನಿನ್ನೆಯವರೆಗೆ ತಮ್ಮ ಸರೀಕನಾಗಿದ್ದವನಿಗೆ ಅವರು ತಲೆಬಾಗುತ್ತಿರಲಿಲ್ಲ. ಕ್ಯೋಟೋದಿಂದ ಬಂದ ಕುಲೀನ ಬಾಲಕನಿಗಾದರೆ ಎಲ್ಲರೂ ಬಾಗಬಹುದು. ಹೀಗಾಗಿ ಶೋಗನ್ ಉತ್ಸವಮೂರ್ತಿಯಾದ, ಹೊತ್ತು ತಿರುಗುವವರು ದಾರಿ ಗೊತ್ತುಮಾಡಿದರು. ಹೋಜೋಗಳು ಹಿಡಿದಿದ್ದ ಹುದ್ದೆ ಶಿಕ್ಕೆನ್, ಅಂದರೆ ರಾಜಪ್ರತಿನಿಧಿ; ಆತ ಹೊರಡಿಸುತ್ತಿದ್ದ ಆಜ್ಞಾಪತ್ರದಲ್ಲಿ ‘ಕಾಮಾಕುರದ ಪ್ರಭುವಿನ ಅಪ್ಪಣೆಯ ಮೇರೆಗೆ’ ಎಂಬ ಒಕ್ಕಣೆ ಇರುತ್ತಿತ್ತು. ಕೆಳಗೆ ಬೀಳುತ್ತಿದ್ದುದು ಮಾತ್ರ ಶಿಕ್ಕೆನ್ ಮತ್ತು ಆತನ ಜೊತೆ ಸಹಿ ಹಾಕುವ ಅಧಿಕಾರಿಯ ರುಜು. 1761ರ ನಂತರ ಒಡೆಯರನ್ನು ಪಟ್ಟದಲ್ಲಿರಿಸಿಕೊಂಡೇ ಆಳಿದ ಹೈದರಾಲಿಯನ್ನು ಬಲ್ಲ ನಮಗೆ ಇದು ತೀರ ಅಪರಿಚಿತವೇನಲ್ಲ.

ಬಾಲಕ ಬೆಳೆದು ಸುತ್ತ ಬೆಂಬಲಿಗರನ್ನು ಕೂಡಿಸಿಕೊಂಡಾಗ ತೊಡಕು ಶುರುವಾಗುತ್ತಿತ್ತು. 1244ರಲ್ಲಿ ಯೊರಿಟ್ಸುನೆಯನ್ನು ಇಳಿಸಿ, ಐದಾರು ವರ್ಷದ ಅವನ ಮಗನನ್ನು ಕೂರಿಸಿದರು. 1252ರಲ್ಲಿ ಆ ಹುಡುಗನನ್ನೂ ಕಳಿಸಿ ಚಕ್ರವರ್ತಿಯ ಮಗ ಮುನೆಟಕನನ್ನು ತಂದರು. 1266ರಲ್ಲಿ ಅವನೂ ಕ್ಯೋಟೋಗೆ ಮರಳಬೇಕಾಯಿತು.

ನನಗೆ ಇದಕ್ಕಿಂತ ಸೋಜಿಗವೆನಿಸುವುದು ಸೂತ್ರಧಾರರ ಗತಿ. 1256ರಲ್ಲಿ ಶಿಕ್ಕೆನ್ ಟೊಕಿಯೊರಿ ಹುದ್ದೆಯನ್ನು ಬಂಧುವೊಬ್ಬನಿಗೆ ಬಿಟ್ಟು ತಲೆ ಬೋಳಿಸಿಕೊಂಡು ಸನ್ಯಾಸಿಯಾದರೂ, ಮನೆತನದ ಯಜಮಾನನಾಗಿ ಅಧಿಕಾರವನ್ನು ಕೈಯಲ್ಲೇ ಉಳಿಸಿಕೊಂಡ. ಅಲ್ಲಿಗೆ ಶಿಕ್ಕೆನ್ ಪದವಿಯೂ ಪೊಳ್ಳಾಗತೊಡಗಿತು. ಕೊನೆಯ ಯಜಮಾನ ಟಕಟೊಕಿಯ ಕಾಲಕ್ಕೆ ಆಡಳಿತ ನಡೆಸುತ್ತಿದ್ದವರು ಆ ಮನೆಯ ಊಳಿಗದ ನಾಗಸಾಕಿ ವಂಶದವರು.

ನಿಮ್ಮ ಹುಡುಗನ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 1333ರಲ್ಲಿ ಕಾಮಾಕುರ ಬಿದ್ದಾಗ ಟೊಶೋಜಿ ಎಂಬ ಬೌದ್ಧ ದೇಗುಲದಲ್ಲಿ ಟಕಟೊಕಿಯೊಂದಿಗೆ ನೂರಾರು ಮಂದಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಹೆಸರಿಗೆ ಅವರೆಲ್ಲರ ಒಡೆಯನಾಗಿದ್ದ ಶೋಗನ್, ರಾಜಕುಮಾರ ಮೊರಿಕುನಿ, ಪದವಿ ತೊರೆದು ಸನ್ಯಾಸಿಯಾದ.