ಬಿಸಿಲು ಬಂತು, ನೀರಿಗಿನ್ನೂ ಗೊತ್ತಾಗಿಲ್ಲ: ಹಾಯಿದೋಣಿ ಪ್ರಶ್ನೋತ್ತರ

ಮಾರ್ಚ್ ಬಂತು ಅಂದ್ರೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರೋ ನಮ್ಮವ್ರಿಂದ ಪತ್ರಗಳು ಜಾಸ್ತಿ ಆಗ್ತವೆ. ಚಳಿಗಾಲ ಪೂರ್ತಿ ದಡದ ಮೇಲೆ ಕಂಬ ಕೊಟ್ಟು ನಿಲ್ಲಿಸಿದ್ದ ಬೋಟುಗಳನ್ನ ಕ್ರೇನಲ್ಲಿ ಎತ್ತಿ ನೀರಿಗೆ ಬಿಡೋ ಕಾಲ ಇದು, ಸೌತಾಂಪ್ಟನ್‌ಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವಿನ ಸೋಲೆಂಟ್ ಅನ್ನೋ ಆ ಪಟ್ಟಿಯಲ್ಲಿ ಭಾನುವಾರ ಬೆಳಿಗ್ಗೆ ಮತ್ತೆ ಹಾಯಿ ಕಾಣೋಕೆ ಶುರು. ನಾನು ಕುಂದಾಪುರ ಕಡೆಯವ, ಇಲ್ಲಿ ಹನ್ನೆರಡು ವರ್ಷದಿಂದ ನಾಲ್ಕು ಜನ ಸೇರಿ ತಗೊಂಡ ಒಂದು ಹಳೇ ಬೋಟಲ್ಲಿ ರೇಸ್ ಮಾಡ್ತೀನಿ, ಗೆದ್ದಿದ್ದು ಕಮ್ಮಿ, ಪಾಠ ಕಲಿತಿದ್ದು ಜಾಸ್ತಿ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಕೆಲವು.

ಪ್ರಶ್ನೆ: ಸೌತಾಂಪ್ಟನ್‌ಗೆ ಬಂದು ಏಳು ತಿಂಗಳಾಯ್ತು. ಆಫೀಸಲ್ಲಿ ಒಬ್ರು ಸ್ಪ್ರಿಂಗ್ ಸೀರೀಸ್ ರೇಸಿಗೆ ಕ್ರೂ ಕಮ್ಮಿ ಇದೆ ಬಾ ಅಂದ್ರು, ಹೂಂ ಅಂದ್ಬಿಟ್ಟೆ. ಈಜು ಅಷ್ಟಕ್ಕಷ್ಟೆ, ದೋಣಿ ಅಂದ್ರೆ ಹರಿಗೋಲು ಹತ್ತಿದ್ದು ಬಿಟ್ರೆ ಏನೂ ಗೊತ್ತಿಲ್ಲ. ಏನ್ ಹಾಕ್ಕೊಂಡು ಹೋಗ್ಲಿ, ನನ್ ಕೈಲಿ ಏನ್ ಮಾಡಿಸ್ತಾರೆ?

ಉತ್ತರ: ಖಂಡಿತ ಹೋಗಿ. ಮೊದಲ ದಿನ ನಿಮ್ಮ ಕೈಲಿ ಮಾಡಿಸೋದು ಒಂದೇ, ಕೂರೋದು. ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆ ಅಂಚಲ್ಲಿ ಕಾಲು ಹೊರಗೆ ಇಳಿಬಿಟ್ಟು ಸಾಲಾಗಿ ಕೂರಿಸ್ತಾರೆ, ಬೋಟು ಜಾಸ್ತಿ ವಾಲಬಾರ್ದು ಅಂತ, ಅಂದ್ರೆ ನೀವು ಮಾತಾಡೋ ಮರಳಿನ ಮೂಟೆ. ಬೋಟು ತಿರುಗುವಾಗ ‘ರೆಡಿ ಎಬೌಟ್’ ಅಂತ ಕೂಗ್ತಾರೆ, ಆಗ ತಲೆ ತಗ್ಗಿಸಿ ಬೂಮ್ ಕೆಳಗಿಂದ ನುಸುಳಿ ಆ ಕಡೆಗೆ ಹೋಗಿ ಮತ್ತೆ ಕೂರೋದು. ಬೂಮ್ ಅಂದ್ರೆ ದೊಡ್ಡ ಹಾಯಿಯ ಕೆಳಗಿರೋ ಅಡ್ಡ ತೊಲೆ, ಅದಕ್ಕೆ ನಿಮ್ಮ ಡಿಗ್ರಿ ಸ್ಯಾಲರಿ ಏನೂ ಗೊತ್ತಿರಲ್ಲ, ತಲೆ ಸಿಕ್ರೆ ಹೊಡೆಯುತ್ತೆ ಅಷ್ಟೆ.

ಬಟ್ಟೆ ವಿಷ್ಯಕ್ಕೆ ಬರೋಣ, ಇಲ್ಲೇ ಎಲ್ರೂ ಮೋಸ ಹೋಗೋದು. ಏಪ್ರಿಲ್ ಬಿಸಿಲು ನೋಡಿ ಟೀಶರ್ಟು ಜೀನ್ಸಲ್ಲಿ ಬರ್ತಾರೆ. ಗಾಳಿಗೆ ವಸಂತ ಬಂದಿರುತ್ತೆ, ನೀರಿಗೆ ಇನ್ನೂ ಚಳಿಗಾಲ. ಸಮುದ್ರ ನಿಧಾನಕ್ಕೆ ತಣ್ಣಗಾಗಿ ನಿಧಾನಕ್ಕೆ ಬೆಚ್ಚಗಾಗೋದ್ರಿಂದ ಇಲ್ಲಿ ನೀರು ಅತಿ ತಣ್ಣಗಿರೋದು ಫೆಬ್ರವರಿ-ಮಾರ್ಚಲ್ಲಿ, ಮಾರ್ಚ್ ಕೊನೆಗೂ 9 ಡಿಗ್ರಿ ಆಸುಪಾಸು, ಫ್ರಿಡ್ಜಿಂದ ತೆಗೆದ ಬಾಟ್ಲಿ ನೀರಿಗೂ ಇದಕ್ಕೂ ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ. ಮೈಗಂಟೋ ಥರ್ಮಲ್, ಮೇಲೊಂದು ಫ್ಲೀಸ್, ಅದ್ರ ಮೇಲೆ ನೀರು ಇಳಿಯದ ಜಾಕೆಟ್ ಪ್ಯಾಂಟು. ಜೀನ್ಸ್ ಬೇಡವೇ ಬೇಡ, ಒಮ್ಮೆ ಒದ್ದೆ ಆದ್ರೆ ಸಂಜೆವರೆಗೂ ಕಾಲಿಗೆ ಐಸ್ ಕಟ್ಕೊಂಡ ಹಾಗೆ. ಡೆಕ್ ಮೇಲೆ ಗುರುತು ಬೀಳಿಸದ ತಳದ ಶೂ ಇರಲಿ, ಶೂವಿನ ಕಪ್ಪು ತಳ ನೋಡಿದ್ರೆ ಬೋಟಿನ ಓನರ್ ಮುಖ ನೀವೇ ನೋಡ್ತೀರಿ.

ಅಕಸ್ಮಾತ್ ಬಿದ್ರೆ? ಚಳಿನೀರಿನ ಬಗ್ಗೆ 1-10-1 ಅಂತ ಒಂದು ಲೆಕ್ಕ ಇಲ್ಲಿ ಎಲ್ರಿಗೂ ಹೇಳ್ಕೊಡ್ತಾರೆ. ಮೊದಲ 1 ನಿಮಿಷ ಉಸಿರು ಹತೋಟಿಗೆ ಬರಲ್ಲ, ಏದುಸಿರು ತಾನಾಗೇ ಬರುತ್ತೆ, ಆಗ ಬಾಯಿ ನೀರೊಳಗಿದ್ರೆ ಕಷ್ಟ. ಆಮೇಲೆ ಸುಮಾರು 10 ನಿಮಿಷ ಕೈಕಾಲು ಮಾತು ಕೇಳುತ್ತೆ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪೋಕೆ ಹೆಚ್ಚುಕಮ್ಮಿ 1 ಗಂಟೆ. ಅಂದ್ರೆ ಜನ ಸಾಯೋದು ತುಂಬಾ ಸಲ ಚಳಿಗಲ್ಲ, ಆ ಮೊದಲ ನಿಮಿಷದ ಗಾಬರಿಗೆ, ಚೆನ್ನಾಗಿ ಈಜು ಬರೋರೂ ಸೇರಿ. ಅದಕ್ಕೇ ಇಲ್ಲಿನ ಲೈಫ್‌ಬೋಟ್ ಸಂಸ್ಥೆಯವ್ರು ಹೇಳೋದು, ಬಿದ್ದ ತಕ್ಷಣ ಈಜಬೇಡಿ, ತಲೆ ಹಿಂದಕ್ಕೆ ಹಾಕಿ ಅಂಗಾತ ತೇಲಿ, ಉಸಿರು ಕೈಗೆ ಸಿಕ್ಕಮೇಲೆ ಮುಂದಿನ ಮಾತು. ಲೈಫ್ ಜಾಕೆಟ್ ಅವ್ರೇ ಕೊಡ್ತಾರೆ, ತೊಡೆ ಸಂದಿಯಿಂದ ಹಾಕೋ ಪಟ್ಟಿ ಇರುತ್ತಲ್ಲ ಅದನ್ನ ನಾಚಿಕೆ ಬಿಟ್ಟು ಬಿಗೀರಿ, ಇಲ್ಲಾಂದ್ರೆ ಜಾಕೆಟ್ ಮೇಲೆ ಹೋಗುತ್ತೆ ನೀವು ಕೆಳಗೆ ಹೋಗ್ತೀರಿ. ಈಜು ಅಷ್ಟಕ್ಕಷ್ಟೆ ಅನ್ನೋದನ್ನ ಸ್ಕಿಪ್ಪರ್‌ಗೆ ಹತ್ತೋ ಮುಂಚೆನೇ ಹೇಳಿ, ಯಾರೂ ನಗಲ್ಲ.

ಪ್ರಶ್ನೆ: ನಾವು ಮೂರು ಜನ ಫ್ರೆಂಡ್ಸ್ ಸೇರಿ 26 ಅಡಿಯ ಸೆಕೆಂಡ್‌ಹ್ಯಾಂಡ್ ಬೋಟ್ ತಗೊಂಡಿದೀವಿ, ಇದೇ ಮೊದಲ ಸೀಸನ್. ನೀರಿಗೆ ಇಳಿಸೋ ಮುಂಚೆ ಏನೇನು ನೋಡ್ಬೇಕು? (ಪೋರ್ಟ್ಸ್‌ಮತ್)

ಉತ್ತರ: ಎಲ್ರೂ ಶುರು ಮಾಡೋದು ತಳದ ಪೇಂಟಿಂದ, ಯಾಕಂದ್ರೆ ಅದು ಕಣ್ಣಿಗೆ ಕಾಣುತ್ತೆ. ಪಾಚಿ, ಚಿಪ್ಪು ಅಂಟದ ಹಾಗೆ ಹಚ್ಚೋ ಪೇಂಟು ಅದು, ತಾಮ್ರ ಇರುತ್ತೆ, ಹಳೇದನ್ನ ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸ್ಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಗ್ಲೌಸ್ ಇರಲಿ. ಪ್ರೊಪೆಲ್ಲರ್ ಹತ್ರ ಒಂದು ಸತುವಿನ ಗಡ್ಡೆ ಇರುತ್ತೆ, ಬೇರೆ ಲೋಹ ಸವೆಯೋ ಬದಲು ತಾನು ಸವೆಯೋದೇ ಅದ್ರ ಕೆಲಸ, ಅರ್ಧಕ್ಕಿಂತ ಕರಗಿದ್ರೆ ಹೊಸದು ಹಾಕಿ, ಆದ್ರೆ ಉತ್ಸಾಹದಲ್ಲಿ ಅದಕ್ಕೂ ಪೇಂಟ್ ಬಳೀಬೇಡಿ. ನಾವು ಬಳಿದಿದ್ವಿ. ಇಂಜಿನ್ನಿಗೆ ತಣ್ಣೀರು ಎಳೆಯೋ ರಬ್ಬರ್ ಇಂಪೆಲ್ಲರ್ ವರ್ಷಕ್ಕೊಂದು ಬದಲಾಯಿಸಿ. ನೀರಿಗಿಳಿಸಿದ ತಕ್ಷಣ, ಕ್ರೇನಿನ ಪಟ್ಟಿ ಬಿಚ್ಚೋ ಮುಂಚೆ, ಒಬ್ರು ಒಳಗೆ ಹೋಗಿ ಬೋಟಿನ ತಳದ ತೂತುಗಳಿಗೆ ಹಾಕಿರೋ ಪ್ರತಿ ವಾಲ್ವ್ ಹತ್ರ ಕೈಯಾಡಿಸಿ ನೀರು ಜಿನುಗ್ತಿದೆಯಾ ನೋಡ್ಬೇಕು.

ಆದ್ರೆ ನನ್ನ ಕೇಳಿದ್ರೆ ಅರ್ಧ ದಿನ ಬರೀ ಪಿನ್ನಿಗೆ ಕೊಡಿ. ಮೂರ್ನಾಲ್ಕು ವರ್ಷದ ಹಿಂದೆ ಸೀಸನ್ನಿನ ಮೊದಲ ರೇಸು, 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.) ಗಾಳಿ, ನಾನು ಅಂಚಲ್ಲಿ ಕೂತವ ಏನೋ ಹಗ್ಗ ಸರಿಮಾಡೋಕೆ ಅಂತ ಕೆಳಗಿನ ಬದಿ ನೋಡಿದೆ, ಮಾಸ್ಟ್, ಅಂದ್ರೆ ಹಾಯಿಕಂಬ ಹಿಡಿದಿರೋ ತಂತಿ ಡೆಕ್ಕಿಗೆ ಸೇರೋ ಜಾಗದಲ್ಲಿ ಬೆರಳು ಗಾತ್ರದ ಪಿನ್ನು ಮುಕ್ಕಾಲು ಹೊರಗೆ ಬಂದು ಪ್ರತಿ ಅಲೆಗೂ ಟಿಕ್ ಟಿಕ್ ಅಂತ ಕುಣೀತಿದೆ. ಅದನ್ನ ತಡೆಯೋ ಸಣ್ಣ ಸ್ಪ್ಲಿಟ್ ಪಿನ್ ಇರಲೇ ಇಲ್ಲ. ಆ ಕ್ಷಣ ಆ ತಂತಿ ಸಡಿಲ ಇದ್ದಿದ್ರಿಂದ ಬಚಾವ್, ಬೋಟು ಆ ಕಡೆ ತಿರುಗಿದ್ರೆ ಪೂರ್ತಿ ಭಾರ ಅದ್ರ ಮೇಲೆ ಬಿದ್ದು ಹತ್ತು ಮೀಟರ್ ಮಾಸ್ಟ್ ನಮ್ಮ ತಲೆ ಮೇಲೆ. ತಿರುಗಬೇಡ ತಿರುಗಬೇಡ ಅಂತ ನಾನು ಕನ್ನಡದಲ್ಲೇ ಕೂಗಿದ್ನಂತೆ, ಚುಕ್ಕಾಣಿ ಹಿಡಿದಿದ್ದವನು ಸ್ಕಾಟ್ಲೆಂಡಿನವ, ಹೇಗೋ ಅರ್ಥ ಮಾಡ್ಕೊಂಡ. ಮಾಸ್ಟ್ ನಿಲ್ಲಿಸಿದ್ದು ಬೋಟ್ ಯಾರ್ಡಿನವ್ರು. ಅವ್ರು ಹಾಕಿರ್ತಾರೆ ಅಂತ ನಾವು, ಇವ್ರು ಹಾಕ್ಕೋತಾರೆ ಅಂತ ಅವ್ರು. ಹಾಗಾಗಿ ಪ್ರತಿ ಸ್ಪ್ಲಿಟ್ ಪಿನ್ ಕಣ್ಣಲ್ಲಿ ನೋಡಿ, ತುದಿ ಸ್ವಲ್ಪ ಅಗಲಿಸಿ, ಟೇಪ್ ಸುತ್ತಿ. ಲೈಫ್ ಜಾಕೆಟ್ ಉಬ್ಬಿಸೋ ಸಣ್ಣ ಗ್ಯಾಸ್ ಸಿಲಿಂಡರ್ ಬಿಚ್ಚಿ ತುಕ್ಕು ನೋಡಿ, ಮೇಲೆ ಅಚ್ಚಾಗಿರೋ ತೂಕಕ್ಕೆ ಅಡುಗೆಮನೆ ತಕ್ಕಡಿಯಲ್ಲಿ ತಾಳೆ ಹಾಕಿ, ಮತ್ತೆ ಬಿಗಿಯಾಗಿ ತಿರುಗಿಸಿ ಹಾಕೋದು ಮರೀಬೇಡಿ.

ಪ್ರಶ್ನೆ: ಬೋಟನ್ನ ಯುಗಾದಿ ದಿನ ನೀರಿಗಿಳಿಸೋಣ ಅಂತ ಅಮ್ಮನ ಆಸೆ. ಇಲ್ಲಿ ಯಾರಾದ್ರೂ ಹಾಗೆ ಮಾಡ್ತಾರಾ?

ಉತ್ತರ: ಮಾಡ್ಬಹುದು, ಆದ್ರೆ ಅಮ್ಮನಿಗೆ ಒಂದು ವಿಷ್ಯ ಹೇಳಿ. ಯುಗಾದಿ ಅಂದ್ರೆ ಅಮಾವಾಸ್ಯೆ ಮಾರನೇ ದಿನ, ಪಾಡ್ಯ. ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಉಬ್ಬರ ಇಳಿತ ಎರಡೂ ಜೋರು, ಇದಕ್ಕೆ ಸ್ಪ್ರಿಂಗ್ ಟೈಡ್ ಅಂತಾರೆ, ವಸಂತಕ್ಕೂ ಅದಕ್ಕೂ ಸಂಬಂಧ ಇಲ್ಲ, ವರ್ಷವಿಡೀ ಎರಡು ವಾರಕ್ಕೊಮ್ಮೆ ಬರುತ್ತೆ. ಅದ್ರ ಮೇಲೆ ಮಾರ್ಚಲ್ಲಿ ಹಗಲು ರಾತ್ರಿ ಸಮ ಆಗೋ ಹೊತ್ತಿಗೆ ಇನ್ನೂ ಜೋರು. ಅಂದ್ರೆ ನಮ್ಮ ಯುಗಾದಿ ಬೀಳೋದೇ ವರ್ಷದ ದೊಡ್ಡ ಉಬ್ಬರಗಳ ಆಸುಪಾಸಲ್ಲಿ. ಪೋರ್ಟ್ಸ್‌ಮತ್ ಹತ್ರ ಅಂಥ ದಿನ ನೀರು ಸುಮಾರು 4 ಮೀಟರ್ ಏರಿಳಿಯುತ್ತೆ, ಪಶ್ಚಿಮದ ಹರ್ಸ್ಟ್ ಕಿರಿದಾರಿಯಲ್ಲಿ ಸೆಳೆತ 4 ನಾಟ್ ದಾಟುತ್ತೆ, ನಿಮ್ಮ ಬೋಟು ಇಂಜಿನ್ನಲ್ಲಿ ಹೋಗೋದೇ 5 ನಾಟ್. ಹೂವು ಕುಂಕುಮ ಇಟ್ಟು ಮಧ್ಯಾಹ್ನದ ಉಬ್ಬರಕ್ಕೆ ಇಳಿಸಿ, ಇಲ್ಲಿ ಸ್ಪ್ರಿಂಗ್ ಟೈಡ್ ದಿನ ತುಂಬು ನೀರು ಬರೋದು ಹೆಚ್ಚಾಗಿ ಮಧ್ಯಾಹ್ನದ ಸುತ್ತಮುತ್ತಲೇ. ರಾಹುಕಾಲಕ್ಕಿಂತ ಟೈಡ್ ಟೇಬಲ್ ದೊಡ್ಡದು.

ಟೇಬಲ್ ಓದುವಾಗ ಇನ್ನೊಂದು. ಅದು ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿರುತ್ತೆ, ಮಾರ್ಚ್ ಕೊನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋದ್ಮೇಲೆ ನೀವೇ 1 ಗಂಟೆ ಕೂಡಿಸ್ಬೇಕು. ನಾನೊಮ್ಮೆ ಮರೆತು, 5 ಗಂಟೆಗೆ ಇಳಿತ ಮುಗೀತು ಇನ್ನು ನೀರು ಏರುತ್ತೆ ಅಂತ ಧೈರ್ಯವಾಗಿ ನದಿಯೊಳಗೆ ನುಗ್ಗಿ ಕೆಸರಲ್ಲಿ ಕೂತೆ, ನೀರು ಇನ್ನೂ ಮುಕ್ಕಾಲು ಗಂಟೆ ಇಳೀತಾನೇ ಇತ್ತು. ದಡದಲ್ಲಿ ನಾಯಿ ವಾಕಿಂಗ್ ಬಂದಿದ್ದ ಅಜ್ಜಿ ಕೈ ಬೀಸಿದ್ರು, ನಾನೂ ಬೀಸಿದೆ. ಸೋಲೆಂಟ್ ನಡುವಿನ ಬ್ರ್ಯಾಂಬಲ್ ಬ್ಯಾಂಕ್ ಅನ್ನೋ ಮರಳದಿಬ್ಬ ಅಂತೂ ವರ್ಷಕ್ಕೊಮ್ಮೆ ದೊಡ್ಡ ಇಳಿತದಲ್ಲಿ ಸ್ವಲ್ಪ ಹೊತ್ತು ಮೇಲೆ ಬಂದಾಗ ಎರಡು ಯಾಟ್ ಕ್ಲಬ್ಬಿನವ್ರು ಅದ್ರ ಮೇಲೆ ಕ್ರಿಕೆಟ್ ಆಡ್ತಾರೆ, ಗೆಲ್ಲೋ ಸರದಿ ಮುಂಚೆನೇ ಮಾತಾಡ್ಕೊಂಡಿರ್ತಾರೆ, ಒಂದ್ ವರ್ಷ ಇವ್ರು ಒಂದ್ ವರ್ಷ ಅವ್ರು.

ಪ್ರಶ್ನೆ: ನಮ್ಮ ಮೊದಲ ರೇಸಲ್ಲಿ ಸ್ಟಾರ್ಟಿಗೆ ಎರಡು ನಿಮಿಷ ಇರುವಾಗ ಒಂದು ಬೋಟಿನವ್ರು ‘ಸ್ಟಾರ್ಬೋರ್ಡ್!’ ಅಂತ ಕಿರುಚಿದ್ರು, ಹೆದರಿ ಪಕ್ಕಕ್ಕೆ ಹೋದ್ವಿ. ಬೈದ್ರಾ?

ಉತ್ತರ: ಬೈದಿಲ್ಲ, ನಿಯಮ ನೆನಪಿಸಿದ್ರು. ಸ್ಟಾರ್ಬೋರ್ಡ್ ಅಂದ್ರೆ ಬೋಟಿನ ಬಲಗಡೆ. ಗಾಳಿ ಅವ್ರ ಬಲಗಡೆಯಿಂದ, ನಿಮ್ಮ ಎಡಗಡೆಯಿಂದ ಬರ್ತಿದ್ರೆ ದಾರಿ ಬಿಡ್ಬೇಕಾದ್ದು ನೀವು. ಇಬ್ರಿಗೂ ಒಂದೇ ಕಡೆಯಿಂದ ಗಾಳಿ ಇದ್ರೆ, ಗಾಳಿ ಬರೋ ಕಡೆಗೆ ಹತ್ರ ಇರೋನು ಆಚೆ ಕಡೆ ಇರೋನಿಗೆ ದಾರಿ ಬಿಡ್ಬೇಕು. ಮೊದಲ ಸೀಸನ್ನಿಗೆ ಇವೆರಡು ತಲೇಲಿದ್ರೆ ಮುಕ್ಕಾಲು ಗಲಾಟೆ ತಪ್ಪುತ್ತೆ. ತಪ್ಪು ಮಾಡಿದ್ವಿ ಅನ್ಸಿದ್ರೆ ಪಕ್ಕಕ್ಕೆ ಹೋಗಿ ಗಿರಗಿರ ಎರಡು ಸುತ್ತು ತಿರುಗಿ ಮತ್ತೆ ರೇಸ್ ಸೇರ್ಕೊಳ್ಳಿ. ಬರೀ ಗುರುತಿನ ಬೋಯೆಗೆ ತಾಗಿದ್ರೆ ಒಂದೇ ಸುತ್ತು.

ಸ್ಟಾರ್ಟು 5, 4, 1, 0. ಸ್ಟಾರ್ಟಿಗೆ 5 ನಿಮಿಷ ಇರುವಾಗ ನಿಮ್ಮ ಕ್ಲಾಸಿನ, ಅಂದ್ರೆ ನಿಮ್ಮ ಗುಂಪಿನ ಬೋಟುಗಳ, ಬಾವುಟ ಏರುತ್ತೆ, 4ಕ್ಕೆ ಇನ್ನೊಂದು, ಸಾಮಾನ್ಯವಾಗಿ ನೀಲಿ ನಡುವೆ ಬಿಳಿ ಚೌಕದ್ದು, 1 ನಿಮಿಷಕ್ಕೆ ಅದು ಇಳಿದು ಉದ್ದನೇ ಹಾರ್ನ್, 0ಗೆ ಕ್ಲಾಸ್ ಬಾವುಟ ಇಳಿದ್ರೆ ಹೊರಟ್ರಿ. ಬಿಳಿ ಮೇಲೆ ನೀಲಿ ಶಿಲುಬೆ ಬಾವುಟ ಕಂಡ್ರೆ ಯಾರೋ ಮುಂಚೆನೇ ಗೆರೆ ದಾಟಿದಾರೆ ಅಂತ ಅರ್ಥ, ಅದು ನೀವಾಗಿದ್ರೆ ವಾಪಸ್ ಬಂದು ಮತ್ತೆ ದಾಟ್ಬೇಕು. ಹೊಸಬರು ಗುಂಪಿನ ಮಧ್ಯೆ ನುಗ್ಗೋದಕ್ಕಿಂತ ಹತ್ತು ಸೆಕೆಂಡ್ ತಡವಾಗಿ, ಖಾಲಿ ಜಾಗದಲ್ಲಿ, ಪೂರ್ತಿ ಸ್ಪೀಡಲ್ಲಿ ದಾಟೋದು ವಾಸಿ.

ಪ್ರಶ್ನೆ: ಗೆರೆ ದಾಟಿದ್ದು ನಾವು ಮೊದಲು, ಪ್ರೈಜ್ ನಮ್ಮ ಹಿಂದೆ ಬಂದವ್ರಿಗೆ. ಇದೆಂಥ ನ್ಯಾಯ?

ಉತ್ತರ: ಹ್ಯಾಂಡಿಕ್ಯಾಪ್ ನ್ಯಾಯ, ಅಂದ್ರೆ ವೇಗದ ಬೋಟನ್ನೂ ನಿಧಾನದ ಬೋಟನ್ನೂ ಸಮ ಮಾಡೋ ಲೆಕ್ಕ. ಐಆರ್‌ಸಿ ಪದ್ಧತಿಯಲ್ಲಿ ಪ್ರತಿ ಬೋಟಿಗೂ ಒಂದು ಅಂಕಿ ಇರುತ್ತೆ, ತಗೊಂಡ ಸಮಯಕ್ಕೆ ಅದನ್ನ ಗುಣಿಸ್ತಾರೆ. ನಿಮ್ಮದು 1.000, ನೀವು 60 ನಿಮಿಷ ತಗೊಂಡ್ರಿ, ಲೆಕ್ಕ 60. ಅವ್ರದು 0.930, 64 ನಿಮಿಷ ತಗೊಂಡ್ರು, ಲೆಕ್ಕ 59.52. ಅವ್ರು ಗೆದ್ರು. ಆ ಅಂಕಿ ಕಟ್ಟೋ ಸೂತ್ರ ಬಹಿರಂಗ ಮಾಡಲ್ಲ, ಹಾಗಾಗಿ ಬಾರಲ್ಲಿ ಕೂತು ಬೈಯೋಕೆ ಎಲ್ರಿಗೂ ಸಮಾನ ಅವಕಾಶ.

ಪ್ರಶ್ನೆ: ನಾನಿರೋದು ಬೆಂಗಳೂರಲ್ಲಿ. ನಮಗೂ ಸ್ಪ್ರಿಂಗ್ ಸೀಸನ್ ಇದೆಯಾ?

ಉತ್ತರ: ಇಲ್ಲ, ನಮ್ಮಲ್ಲಿ ಕ್ಯಾಲೆಂಡರ್ ನಡೆಸೋದು ಮಳೆಗಾಲ. ಮುಂಬೈಯಲ್ಲಿ ಮಳೆ ಮುಗಿದ್ಮೇಲೆ ಹಾಯಿ ಏರಿಸ್ತಾರೆ, ಹೈದರಾಬಾದಿನ ಹುಸೇನ್ ಸಾಗರದಲ್ಲಿ ತದ್ವಿರುದ್ಧ, ಮುಂಗಾರಿನ ಗಾಳಿ ಬೇಕು ಅಂತಲೇ ಜುಲೈಯಲ್ಲಿ ರೇಸ್ ಇಡ್ತಾರೆ. ನಿಮ್ಮ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವ್ರು ಹಾಯಿ ಅಭ್ಯಾಸ ಮಾಡೋದು ನೋಡಿರ್ತೀರಿ. ಸೇನೆಯ ಎಂಜಿನಿಯರ್ ಅಧಿಕಾರಿಗಳು 1985-87ರಲ್ಲಿ ‘ತೃಷ್ಣಾ’ ಅನ್ನೋ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದ್ರು. ಮತ್ತೆ ನಮ್ಮೂರ ಕಡೆ ಯಾಂತ್ರಿಕ ಬೋಟಿನ ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ, ಆಗ ಬೋಟು ಬಲೆ ರಿಪೇರಿ, ನೂಲು ಹುಣ್ಣಿಮೆಗೆ ಸಮುದ್ರಕ್ಕೆ ಹಾಲು ತೆಂಗಿನಕಾಯಿ ಅರ್ಪಿಸಿ ಪೂಜೆ. ಇಲ್ಲಿ ಮಾರ್ಚಲ್ಲಿ ಯಾರ್ಡಿಗೆ ಹೋಗಿ ಪೇಂಟ್ ವಾಸನೆ ಮೂಗಿಗೆ ಬಡಿದಾಗ ನಂಗೆ ನೆನಪಾಗೋದು ಗಂಗೊಳ್ಳಿಯ ಜುಲೈ.

ಪ್ರಶ್ನೆ: ಕ್ರೂಗೆ ತಿನ್ನೋಕೆ ಏನಾದ್ರೂ ಮಾಡ್ಕೊಂಡು ಹೋಗೋಣ ಅಂತಿದೀನಿ. ಚಿತ್ರಾನ್ನ ಆಗುತ್ತಾ?

ಉತ್ತರ: ಬೇಡ. ಒಂದೇ ಕೈಯಲ್ಲಿ ತಿನ್ನೋ ಹಾಗಿರ್ಬೇಕು, ಇನ್ನೊಂದು ಕೈ ಬೋಟು ಹಿಡ್ಕೊಳ್ಳೋಕೆ. ಚಪಾತಿ ರೋಲ್, ಚಕ್ಕುಲಿ, ಥರ್ಮಾಸಲ್ಲಿ ಶುಂಠಿ ಟೀ ಸರಿ. ಚಿತ್ರಾನ್ನ ನಾನು ಒಯ್ದಿದ್ದೆ, ಡಬ್ಬಿ ಮುಚ್ಚಳ ತೆಗೆದ ಕ್ಷಣಕ್ಕೆ ಗಾಳಿ ಬೀಸ್ತು, ನಮ್ಮ ಬಿಳಿ ಜಿಬ್, ಅಂದ್ರೆ ಮುಂದಿನ ಹಾಯಿಯ ಕೆಳಗಿನ ಮೂಲೆಯಲ್ಲಿ ಆ ಅರಿಶಿನದ ಕಲೆ ಐದು ಸೀಸನ್ ಆದ್ರೂ ಹೋಗಿಲ್ಲ, ಕಡ್ಲೆಬೇಳೆ ಮಾತ್ರ ಎಲ್ರಿಗೂ ಇಷ್ಟ ಆಯ್ತು.